ಕಾಂದಿವಲಿಯಿಂದ ಪರೇಲ್‌ಗೆ

ಮುಂಬಯಿಯ ಕಾಂದಿವಲಿಯಲ್ಲಿ ಸ್ಲೋ ಲೋಕಲ್ ಹಿಡಿದು, ಪ್ರಭಾದೇವಿಯಲ್ಲಿ ಇಳಿದು ಪಾದಚಾರಿ ಸೇತುವೆ ದಾಟಿದರೆ ಪರೇಲ್. 1899ರಲ್ಲಿ ಪ್ಲೇಗ್ ಪ್ರಯೋಗಾಲಯವಾಗಿ ಹುಟ್ಟಿದ ಹಾಫ್ಕಿನ್ ಸಂಸ್ಥೆ, ಕೆಇಎಂ, ಟಾಟಾ ಮೆಮೋರಿಯಲ್ ಆಸ್ಪತ್ರೆಗಳು, ಸಂತಾನಾರೋಗ್ಯದ ರಾಷ್ಟ್ರೀಯ ಸಂಸ್ಥೆ ಎಲ್ಲವೂ ಅಲ್ಲೇ. ಮೂಲವಿಜ್ಞಾನದ ಟಿಐಎಫ್ಆರ್ ಕೊಲಾಬಾದ ತುದಿಯಲ್ಲಿ, ಕ್ಯಾನ್ಸರ್ ಸಂಶೋಧನೆಯ ಆಕ್ಟ್ರೆಕ್ ಖಾರ್‌ಘರ್‌ನಲ್ಲಿ. ಜನ ಉತ್ತರದ ಉಪನಗರಗಳಿಗೆ ಸರಿದರು, ಪ್ರಯೋಗಾಲಯಗಳು ಆ ಕಡೆ ಸರಿಯಲಿಲ್ಲ.

ದೂರ ಕಿಲೋಮೀಟರಿನದು ಮಾತ್ರ ಅಲ್ಲ. 1933ರಲ್ಲಿ ಮುಂಬಯಿಯಲ್ಲಿ ಬಿಎಸ್ಸಿ ಮುಗಿಸಿದ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೋನಿ) ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಭಾರತೀಯ ವಿಜ್ಞಾನ ಸಂಸ್ಥೆ) ಅರ್ಜಿ ಹಾಕಿದಾಗ ಹೆಣ್ಣೆಂಬ ಕಾರಣಕ್ಕೆ ಅಲ್ಲಿನ ನಿರ್ದೇಶಕ ಸಿ. ವಿ. ರಾಮನ್ ನಿರಾಕರಿಸಿದರು. ಪಟ್ಟು ಹಿಡಿದ ಮೇಲೆ ಒಂದು ವರ್ಷ ಪರೀಕ್ಷಾರ್ಥವಾಗಿ ಸೇರಿಸಿಕೊಂಡರು. ಆಕೆ ಮುಂದೆ ಮುಂಬಯಿಯ ವಿಜ್ಞಾನ ಸಂಸ್ಥೆಯ ನಿರ್ದೇಶಕಿಯಾದರು. ಈ ಕಥೆಯನ್ನು ಹೇಳುವಾಗ ಒಂದು ಸಂಗತಿಯನ್ನು ಬಿಡಬಾರದು: ಆಕೆಯ ತಂದೆಯೂ ತಂದೆಯ ಸಹೋದರರೂ ಬೆಂಗಳೂರಿನ ಅದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದಿದವರು. ಬಾಗಿಲು ಎಲ್ಲಿದೆಯೆಂದು ಮನೆಯಲ್ಲೇ ಗೊತ್ತಿತ್ತು.

ನಮ್ಮ ಕರಾವಳಿಯಿಂದ ಮುಂಬಯಿಗೆ ಬಂದು ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತ ತಲೆಮಾರಿಗೆ ಅದು ಗೊತ್ತಿರಲಿಲ್ಲ. ಅವರಲ್ಲಿ ಹಲವರು ವಕೀಲರು, ಲೆಕ್ಕಪರಿಶೋಧಕರು, ಬ್ಯಾಂಕಿನವರು ಆದರು, ವಿಜ್ಞಾನಿಗಳಾದವರು ಅಪರೂಪ. ಪ್ರಾಯೋಗಿಕ ತರಗತಿಗಳು ನಡೆಯುವುದು ಹಗಲಿನಲ್ಲಿ, ಹಗಲು ಅವರದಾಗಿರಲಿಲ್ಲ.

ಪದವಿ ವಿದ್ಯಾರ್ಥಿಗಳಿಗೆ ಸಂಶೋಧನೆಯ ಒಂದು ಸರ್ಕಾರಿ ಬಾಗಿಲು ತೆರೆದದ್ದು 1979ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಲ್ಪಾವಧಿ ವಿದ್ಯಾರ್ಥಿವೇತನದಿಂದ. ಒಬ್ಬ ಗೈಡ್, ಒಂದು ಪ್ರಶ್ನೆ, ಎರಡು ತಿಂಗಳು. ಆದರೆ ಅದು ಎಂಬಿಬಿಎಸ್, ಬಿಡಿಎಸ್‌ನವರಿಗೆ. ಅಂದರೆ ಒಂದು ಬೆಟ್ಟವನ್ನು ಆಗಲೇ ಹತ್ತಿದವರಿಗೆ. ಬಿಎಸ್ಸಿಯವರಿಗೆ ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ಬೇಸಿಗೆ ಫೆಲೋಶಿಪ್ ಬಂತು, ಆಮೇಲೆ ಇನ್ನೆರಡು ಅಕಾಡೆಮಿಗಳು ಜೊತೆಗೂಡಿದವು. ಅಲ್ಲಿ ಅರ್ಜಿಯ ತೂಕವನ್ನು ನಿರ್ಧರಿಸುವುದು ಇಂಗ್ಲಿಷಿನಲ್ಲಿ ಬರೆದ ಟಿಪ್ಪಣಿ ಮತ್ತು ಅಧ್ಯಾಪಕರ ಶಿಫಾರಸು. ಸಂಶೋಧನೆ ಮಾಡಿಯೇ ಇರದ ಅಧ್ಯಾಪಕರು ಬರೆದ ಶಿಫಾರಸು ಎಷ್ಟು ದೂರ ಹೋದೀತು?

ಕೇಂದ್ರ ಸರ್ಕಾರದ 2008ರ ಇನ್‌ಸ್ಪೈರ್ ಯೋಜನೆ ದುಡ್ಡಿನ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಆಯ್ಕೆಯಾದವರಿಗೆ ವರ್ಷಕ್ಕೆ 80,000 ರೂಪಾಯಿ; ಅದರಲ್ಲಿ 20,000 ಬೇಸಿಗೆಯ ಸಂಶೋಧನೆಗೆಂದೇ ಮೀಸಲು. ಒಳ್ಳೆಯದೇ. ಆದರೆ ಮುಖ್ಯ ದಾರಿ ಹನ್ನೆರಡನೆಯ ತರಗತಿಯ ಅಂಕಪಟ್ಟಿ, ಪ್ರತಿ ಪರೀಕ್ಷಾ ಮಂಡಳಿಯಲ್ಲಿ ಮೊದಲ ಶೇಕಡಾ 1ರೊಳಗೆ ಬಂದವರು. ಅಂಕ ಗಳಿಸಲು ಕೋಚಿಂಗ್, ಕೋಚಿಂಗಿಗೆ ದುಡ್ಡು. ಸುತ್ತು ಬಂದು ಅಲ್ಲಿಗೇ.

ನನಗೆ ಹೆಚ್ಚು ಮೆಚ್ಚುಗೆಯಾಗುವುದು ಮಾನ್‌ಖುರ್ದಿನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಎರಡು ಪ್ರಯತ್ನಗಳು. 2004ರಲ್ಲಿ ಶುರುವಾದ ‘ನಿಯಸ್’ ವಿದ್ಯಾರ್ಥಿಗಳನ್ನು ಒಂದು ಬೇಸಿಗೆಗೆ ಕರೆದು ಮರೆಯಲಿಲ್ಲ. ರಜೆ ರಜೆಗೂ ಮತ್ತೆ ಕರೆಸಿ ಒಂದೇ ಪ್ರಾಜೆಕ್ಟಿನಲ್ಲಿ ಮುಂದುವರಿಸಿತು. ಇನ್ನೊಂದು ‘ಕ್ಯೂಬ್’. ಎಂ. ಸಿ. ಅರುಣನ್ ಮತ್ತು ಜಿ. ನಾಗಾರ್ಜುನ ಅವರಂಥವರು ಬೆಳೆಸಿದ ಈ ಚಟುವಟಿಕೆ ಪ್ರಶ್ನೆಯನ್ನೇ ತಿರುಗಿಸಿತು: ಹುಡುಗ ಪ್ರಯೋಗಾಲಯಕ್ಕೆ ಬರಲಾಗದಿದ್ದರೆ ಪ್ರಯೋಗಾಲಯ ಅವನ ಮನೆಗೆ ಹೋಗಬಾರದೇಕೆ? ಬಾಟಲಿಯಲ್ಲಿ ಕಳಿತ ಬಾಳೆಹಣ್ಣಿಟ್ಟು ಹಣ್ಣಿನ ನೊಣ ಹಿಡಿಯಿರಿ, ಸಾಕಿ, ಪೀಳಿಗೆ ಎಣಿಸಿ. ತಳಿವಿಜ್ಞಾನ ನೂರು ವರ್ಷಗಳಿಂದ ನೆಚ್ಚಿಕೊಂಡಿರುವುದು ಇದೇ ನೊಣವನ್ನು. ಹೈಡ್ರಾ, ಎರೆಹುಳುಗಳಿಗೂ ಚಾಳಿನ ಒಂದು ಮೂಲೆ ಸಾಕು. 2020ರ ಲಾಕ್‌ಡೌನಿನಲ್ಲಿ ದೊಡ್ಡ ಪ್ರಯೋಗಾಲಯಗಳಿಗೆ ಬೀಗ ಬಿದ್ದಾಗಲೂ ನೊಣಗಳ ಬಾಟಲಿಗೆ ಬೀಗವಿರಲಿಲ್ಲ. ಮನೆಯಲ್ಲಿ ಅಮ್ಮನ ಬೈಗುಳ ಎಷ್ಟು ಬಿತ್ತೋ, ಅದು ಬೇರೆ ಲೆಕ್ಕ.

ಅವಕಾಶವಿಲ್ಲದ ವಿದ್ಯಾರ್ಥಿಗಳನ್ನು ಪ್ರಯೋಗಾಲಯಕ್ಕೆ ತರಲು ಅಮೆರಿಕದಲ್ಲಿ 1970ರ ದಶಕದಿಂದ ಸರ್ಕಾರಿ ಯೋಜನೆಗಳಿದ್ದವು. 1988ರಲ್ಲಿ ಹುಟ್ಟಿದ ಮೇರಿಲ್ಯಾಂಡಿನ ಮೇಯರ್‌ಹಾಫ್ ಕಾರ್ಯಕ್ರಮ ಕಪ್ಪು ವಿದ್ಯಾರ್ಥಿಗಳನ್ನು ಗುಂಪಾಗಿಯೇ ಸೇರಿಸಿ, ಗುಂಪಾಗಿಯೇ ಸಂಶೋಧನೆಗೆ ದಾಟಿಸಿತು. 2025ರಲ್ಲಿ ಅಲ್ಲಿನ ಸರ್ಕಾರವೇ ಇಂಥ ಹಲವು ಯೋಜನೆಗಳ ಹಣ ನಿಲ್ಲಿಸಿತು.

ಇಲ್ಲಿ 2020ರ ಶಿಕ್ಷಣ ನೀತಿ ನಾಲ್ಕನೆಯ ವರ್ಷವನ್ನು ಸಂಶೋಧನೆಗೆ ತೆರೆದಿದೆ, ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಕೊಟ್ಟಿದೆ. ಬೇಡಿಕೆ ಹೆಚ್ಚಿದೊಡನೆ ಅಂಗಡಿಗಳೂ ಎದ್ದವು: ಶುಲ್ಕ ಕಟ್ಟಿ, ಪಿಪೆಟ್ ಹಿಡಿಯಿರಿ, ಸರ್ಟಿಫಿಕೇಟ್ ಒಯ್ಯಿರಿ. ಕಾಂದಿವಲಿಯಲ್ಲಿ ಜೈವಿಕ ತಂತ್ರಜ್ಞಾನ ಓದುವ ಹುಡುಗಿಗೆ ಈಗ ಬಾಗಿಲು ಎಲ್ಲಿದೆಯೆಂದು ಮೊಬೈಲಿನಲ್ಲೇ ತಿಳಿಯುತ್ತದೆ. ಆದರೆ ವೈದ್ಯರಾಗುವವರ ಐಸಿಎಂಆರ್ ಯೋಜನೆಯಲ್ಲೂ ಸ್ಟೈಪೆಂಡ್ ಕೈಗೆ ಬರುವುದು ವರದಿ ಒಪ್ಪಿಗೆಯಾದ ಮೇಲೆ. ಲೋಕಲ್‌ನ ಪಾಸಿಗೆ ಮಾತ್ರ ಮೊದಲೇ ದುಡ್ಡು ಎಣಿಸಬೇಕು.