ಸೀಮೆಯಿಂದ ಬಂದು ನಾಟಿಯಾದ ಹಣ್ಣು

ಕನ್ನಡದಲ್ಲಿ ‘ನಾಟಿ’ ಎಂಬ ಪದ ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ನಾಟಿಕೋಳಿ, ನಾಟಿವೈದ್ಯ ಎನ್ನುವಾಗ ‘ನಮ್ಮ ನಾಡಿನದು’ ಎಂದು ಅರ್ಥ. ಭತ್ತದ ನಾಟಿ ಎನ್ನುವಾಗ ಸಸಿಯನ್ನು ಒಟ್ಟಲಿನಿಂದ ಕಿತ್ತು ಬೇರೊಂದೆಡೆ ನೆಡುವುದು ಎಂದು ಅರ್ಥ. ಚನ್ನಪಟ್ಟಣ ತಾಲ್ಲೂಕಿನ ನಮ್ಮ ವಿರೂಪಾಕ್ಷಿಪುರದ ಕಡೆ, ಹಾಗೆಯೇ ಹಳೆಯ ಮೈಸೂರು ಸೀಮೆಯಲ್ಲೆಲ್ಲ, ‘ನಾಟಿ ಟೊಮೆಟೊ’ ಎಂದು ಕರೆಯುವ ಹಣ್ಣಿನ ಚರಿತ್ರೆಯಲ್ಲಿ ಈ ಎರಡು ಅರ್ಥಗಳೂ ಒಂದಾಗಿ ಬೆಸೆದುಕೊಂಡಿವೆ. “ನಾಟಿ ಎಂದರೆ ನಮ್ಮ ದೇಶದ ತಳಿಯೇ ಅಲ್ಲವೆ ಮೇಷ್ಟ್ರೇ?” ಎಂದು ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ್ದರಿಂದ ಈ ಲೇಖನ ಬರೆಯಬೇಕೆನಿಸಿತು.

ಟೊಮೆಟೊ ನಮ್ಮ ದೇಶದ ಸಸ್ಯವಲ್ಲ. ಅದರ ಕಾಡು ಬಂಧುಗಳು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಪಶ್ಚಿಮ ಭಾಗದಲ್ಲಿವೆ. ಅದನ್ನು ದೊಡ್ಡ ಹಣ್ಣಿನ ಬೆಳೆಯಾಗಿ ಪಳಗಿಸಿ ಬೆಳೆದವರು ಮೆಕ್ಸಿಕೊದ ಮೂಲನಿವಾಸಿಗಳು. ‘ಟೊಮೆಟೊ’ ಎಂಬ ಹೆಸರೂ ಅವರ ನಹುವಾತ್ಲ್ ಭಾಷೆಯ ‘ತೊಮಾತ್ಲ್’ ಎಂಬ ಪದದಿಂದ ಬಂದದ್ದು. 1521ರಲ್ಲಿ ಸ್ಪೇನಿನವರು ಅಜ್ಟೆಕ್ ರಾಜ್ಯವನ್ನು ಗೆದ್ದ ಬಳಿಕ ಅದು ಯೂರೋಪಿಗೆ ಹೋಯಿತು. 1544ರಲ್ಲಿ ಇಟಲಿಯ ಮತ್ತಿಯೋಲಿ ಎಂಬ ವೈದ್ಯ ಅದನ್ನು ತನ್ನ ಗ್ರಂಥದಲ್ಲಿ ವರ್ಣಿಸಿದ. ನಮ್ಮಲ್ಲಿಗೆ ಬಂದದ್ದು ಯೂರೋಪಿನವರ ಹಡಗುಗಳ ಮೂಲಕ.

ನಮ್ಮ ಹಿರಿಯರು ಹಡಗಿನಲ್ಲಿ ಬಂದ ವಸ್ತುಗಳಿಗೆಲ್ಲ ‘ಸೀಮೆ’ ಎಂಬ ಪಟ್ಟಿ ಅಂಟಿಸುತ್ತಿದ್ದರು. ಸೀಮೆಎಣ್ಣೆ, ಸೀಮೆಹಸು, ಸೀಮೆಬದನೆ, ನಾನು ಜೀವಮಾನವಿಡೀ ಕೈಯಲ್ಲಿ ಹಿಡಿದ ಸೀಮೆಸುಣ್ಣ, ಎಲ್ಲವೂ ಹಾಗೆಯೇ. ಟೊಮೆಟೊವನ್ನು ಗೂದೆಹಣ್ಣು ಎಂದೂ ಚಪ್ಪರಬದನೆ ಎಂದೂ ಕರೆದರು. ಬದನೆಯ ಕುಲಕ್ಕೆ ಸೇರಿಸಿದ್ದು ಸಸ್ಯಶಾಸ್ತ್ರದ ದೃಷ್ಟಿಯಿಂದಲೂ ಸರಿ. ಎರಡೂ ಒಂದೇ ಕುಟುಂಬದವು. ಇಂದಿಗೂ ಅನೇಕ ಸಂಪ್ರದಾಯಸ್ಥರ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಟೊಮೆಟೊ ಸೇರುವುದಿಲ್ಲ. ಅದು ಹೊರಗಿನಿಂದ ಬಂದದ್ದೆಂಬ ನೆನಪು ಅಡುಗೆಮನೆಯಲ್ಲಿ ಇನ್ನೂ ಉಳಿದಿದೆ.

ಹಾಗಾದರೆ ಅದು ನಾಟಿಯಾದದ್ದು ಹೇಗೆ? ಬೀಜವನ್ನು ಎತ್ತಿಡುವುದರಿಂದ. ಪ್ರತಿ ಸುಗ್ಗಿಯಲ್ಲೂ ನಮ್ಮ ಮಣ್ಣು, ಮಳೆ, ಬಿಸಿಲುಗಳನ್ನು ತಾಳಿ ಚೆನ್ನಾಗಿ ಫಲ ಕೊಟ್ಟ ಗಿಡದ ಬೀಜವನ್ನೇ ಮುಂದಿನ ಬೆಳೆಗೆ ಇಟ್ಟುಕೊಂಡಾಗ, ತಲೆಮಾರುಗಳ ನಂತರ ಆ ತಳಿ ಊರಿನದೇ ಆಗುತ್ತದೆ. ಹೀಗೆ ರೂಪುಗೊಂಡ ಹಣ್ಣು ತುಸು ಚಪ್ಪಟೆ, ಮೈಮೇಲೆ ಏಣುಗಳು, ತೊಟ್ಟಿನ ಸುತ್ತ ಹಸಿರು ಛಾಯೆ, ತೆಳುವಾದ ಸಿಪ್ಪೆ, ತುಂಬು ರಸ, ಎದ್ದು ಕಾಣುವ ಹುಳಿ. ಮುದ್ದೆಗೆ ಒಪ್ಪುವ ಬಸ್ಸಾರಿಗೂ ಗೊಜ್ಜಿಗೂ ಇದನ್ನು ಹಾಕಿದರೆ ಹುಣಸೆಹಣ್ಣಿನ ಅಗತ್ಯವೇ ಕಡಿಮೆ.

ಆದರೆ ‘ನಾಟಿ’ ಎಂದು ಬೇರ್ಪಡಿಸಿ ಹೇಳಬೇಕಾದದ್ದು ಸಂಕರ ತಳಿಗಳು ಬಂದ ಮೇಲೆ. ಬೆಂಗಳೂರಿನಲ್ಲಿ 1965ರಲ್ಲಿ ಡಾ. ಮನಮೋಹನ ಅತ್ತಾವರ ಅವರು ಆರಂಭಿಸಿದ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆಯು 1973ರಲ್ಲಿ ಸಂಕರ ಟೊಮೆಟೊ ತಳಿಯೊಂದನ್ನು ಹೊರತಂದಿತು. ಅದರ ಹೆಸರು ‘ಕರ್ನಾಟಕ’. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದೂ ಅದೇ ವರ್ಷ. ಸಂಕರ ತಳಿಗಳಿಂದ ರೈತನಿಗೆ ಇಳುವರಿ ಹೆಚ್ಚಿತು. ಗಟ್ಟಿ ಸಿಪ್ಪೆಯ ಹಣ್ಣು ದೂರದ ಮಾರುಕಟ್ಟೆಗೂ ಕೆಡದೆ ತಲಪಿತು. ನಾಟಿ ಹಣ್ಣು ಲಾರಿಯ ಕುಲುಕಾಟವನ್ನು ತಾಳದು. ಬಿಸಿಲಿನ ನಂತರ ಒಮ್ಮೆಲೇ ಮಳೆ ಸುರಿದರೆ ಗಿಡದಲ್ಲೇ ಬಿರಿಯುತ್ತದೆ. ಆದುದರಿಂದ ರೈತರು ಅದನ್ನು ಬಿಟ್ಟರೆಂದು ದೂಷಿಸುವುದು ನ್ಯಾಯವಲ್ಲ.

ಕಳೆದುಹೋದದ್ದು ಬೇರೆ. ತರಗತಿಯಲ್ಲಿ ಓದಿದ ಮೆಂಡೆಲನ ಬಟಾಣಿ ಗಿಡಗಳನ್ನು ನೆನಪಿಸಿಕೊಳ್ಳಿ. ಸಂಕರದ ಮೊದಲ ಪೀಳಿಗೆ ಒಂದೇ ರೀತಿ ಇರುತ್ತದೆ. ಅದರ ಬೀಜ ಬಿತ್ತಿದರೆ ಎರಡನೆಯ ಪೀಳಿಗೆಯಲ್ಲಿ ಗುಣಗಳು ಒಡೆದು ಚದುರುತ್ತವೆ. ಆದ್ದರಿಂದ ಸಂಕರ ತಳಿಯ ಬೀಜವನ್ನು ಪ್ರತಿ ಬೆಳೆಗೂ ಕೊಳ್ಳಬೇಕು. ಟೊಮೆಟೊ ಬಹುಮಟ್ಟಿಗೆ ಸ್ವಪರಾಗಸ್ಪರ್ಶದ ಗಿಡವಾದ್ದರಿಂದ ನಾಟಿ ತಳಿಯ ಬೀಜ ತಾಯಿಯಂತೆಯೇ ಬರುತ್ತದೆ. ಸುಧಾರಿತ ತಳಿಗಳೆಲ್ಲ ಸಂಕರವೆಂದು ತಿಳಿಯಬಾರದು; ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ವಿಕಾಸ್’ ತಳಿಯ ಬೀಜವನ್ನೂ ಮನೆಯಲ್ಲಿ ಉಳಿಸಿಕೊಳ್ಳಬಹುದು. ಇನ್ನೊಂದು ವಿಪರ್ಯಾಸವಿದೆ. ಹುಳಿ ರುಚಿಗೆ ಬೇಡಿಕೆ ಇರುವುದರಿಂದ ಚಪ್ಪಟೆಯಾದ, ಹಸಿರು ಹೆಗಲಿನ ಸಂಕರ ತಳಿಗಳನ್ನೂ ಬೀಜದ ಕಂಪನಿಗಳು ಸಿದ್ಧಪಡಿಸಿವೆ. ಪೇಟೆಯಲ್ಲಿ ‘ನಾಟಿ’ ಎಂದು ಕೊಂಡದ್ದೆಲ್ಲ ನಾಟಿಯೇ ಆಗಿರಬೇಕೆಂದಿಲ್ಲ. ರೂಪ ಉಳಿದು ಬೀಜದ ಒಡೆತನ ಹೋಗಿರಬಹುದು.

ಬೆಳೆಯುವ ಕ್ರಮ ಕಷ್ಟದ್ದಲ್ಲ. ಜೂನ್–ಜುಲೈ ಇಲ್ಲವೆ ಅಕ್ಟೋಬರ್–ನವೆಂಬರಿನಲ್ಲಿ ಏರುಮಡಿಯಲ್ಲಿ ಸಾಲಾಗಿ ಬೀಜ ಹಾಕಿ, ತೆಳುವಾಗಿ ಗೊಬ್ಬರ ಮುಚ್ಚಿ, ಮೊಳೆಯುವವರೆಗೆ ಹುಲ್ಲು ಹೊದಿಸಬೇಕು. 25–30 ದಿನಗಳ ಸಸಿಯನ್ನು ಎರಡಡಿ ಅಂತರದಲ್ಲಿ ಸಂಜೆಯ ಹೊತ್ತು ನಾಟಿ ಮಾಡಿ, ಬೆಳೆದಂತೆ ಊರುಗೋಲು ಕೊಡಬೇಕು. ಹಿಂದಿನ ಬೆಳೆಯಾಗಿ ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ ಇದ್ದ ಜಾಗ ಬೇಡ. ಒಂದೇ ಕುಟುಂಬವಾದ್ದರಿಂದ ರೋಗಗಳೂ ಒಂದೇ. ನಾಟಿ ಮಾಡಿದ ಎರಡು–ಎರಡೂವರೆ ತಿಂಗಳಿಗೆ ಹಣ್ಣು ಬರುತ್ತದೆ.

ಬೀಜಕ್ಕೆ ಹಣ್ಣನ್ನಲ್ಲ, ಗಿಡವನ್ನು ಆರಿಸಬೇಕು. ರೋಗವಿಲ್ಲದ ಐದಾರು ಗಿಡಗಳಿಗೆ ದಾರ ಕಟ್ಟಿ ಗುರುತಿಡಿ. ಚೆನ್ನಾಗಿ ಮಾಗಿದ ಹಣ್ಣಿನ ತಿರುಳನ್ನು ಮಡಕೆಗೆ ಹಿಂಡಿ, ಸ್ವಲ್ಪ ನೀರು ಬೆರೆಸಿ, ಎರಡು ದಿನ ಹುಳಿಯಲು ಬಿಡಿ. ಬೀಜದ ಸುತ್ತಲಿನ ಲೋಳೆ ಮೊಳಕೆಯನ್ನು ತಡೆಯುತ್ತದೆ. ಹುಳಿತಾಗ ಅದು ಕರಗುತ್ತದೆ. ತೇಲುವ ಜೊಳ್ಳನ್ನು ಚೆಲ್ಲಿ, ತಳದ ಬೀಜವನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿಡಿ. ನಮ್ಮ ಅಜ್ಜಿಯಂದಿರು ಮಾಡುತ್ತಿದ್ದುದು ಇದನ್ನೇ. ಚೆನ್ನಾಗಿ ಒಣಗಿದ ಬೀಜ ಮೂರು ನಾಲ್ಕು ವರ್ಷ ಮೊಳೆಯುತ್ತದೆ.

ಉಡುಪಿಯ ಮಟ್ಟುಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ದೊರೆಯಿತು. ನಮ್ಮ ನಾಟಿ ಟೊಮೆಟೊ ಊರಿಗೊಂದು ಬಗೆಯಾಗಿ ಹರಡಿಕೊಂಡಿರುವುದರಿಂದ ಅಂಥ ಒಂದೇ ಹೆಸರಿಗೆ ಅದನ್ನು ಕಟ್ಟಿಹಾಕುವುದು ಸುಲಭವಲ್ಲ. ಆದರೆ ತನ್ನ ಬೀಜವನ್ನು ಉಳಿಸಿ, ಬಿತ್ತಿ, ಹಂಚಿಕೊಳ್ಳುವ ರೈತನ ಹಕ್ಕನ್ನು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಎತ್ತಿಹಿಡಿದಿದೆ. ಬಳಸದ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ನಾಲ್ಕು ವರ್ಷ ಬಿತ್ತದ ಬೀಜವಂತೂ ಸತ್ತೇ ಹೋಗುತ್ತದೆ.

ಊರಿನಲ್ಲಿ ಜಮೀನಿರುವ ನನ್ನ ವಿದ್ಯಾರ್ಥಿಗಳು ತೋಟದ ಅಂಚಿನಲ್ಲಿ ಹತ್ತು ಗಿಡ ಇಡಲಿ. ನಗರದಲ್ಲಿರುವ ಬಂಧುಗಳಿಗೆ ಮಹಡಿಯ ಮೇಲೆ ನಾಲ್ಕು ಕುಂಡ ಸಾಕು. ಯಾರ ಮನೆಯಲ್ಲಿ ಹಿರಿಯರ ಕಾಲದ ಬೀಜ ಇನ್ನೂ ಇದೆಯೋ ಅವರು ಒಂದು ಚಿಟಿಕೆಯನ್ನಾದರೂ ನೆರೆಯವರಿಗೆ ಕೊಡಲಿ. ಒಬ್ಬರ ಮನೆಯಲ್ಲಿ ಬೆಳೆ ಕೈಕೊಟ್ಟರೂ ಇನ್ನೊಬ್ಬರ ಮನೆಯಲ್ಲಿ ಅದು ಉಳಿದಿರುತ್ತದೆ.