ಗಡ್ಡೆ ನಿಗ್ರಹ ವಂಶವಾಹಿಗಳ ಸ್ತಬ್ಧತೆ ಮತ್ತು ಕ್ಯಾನ್ಸರ್: ಸಾರ್ವಜನಿಕರಿಗೆ ಮಾಹಿತಿ

ಚಿಕಿತ್ಸಾ ನೆರವು ಕೋರಿ ಅರ್ಜಿ ಸಲ್ಲಿಸುವ ದೊಡ್ಡ ಕರುಳಿನ ಕ್ಯಾನ್ಸರ್ ರೋಗಿಗಳ ಪ್ರಯೋಗಾಲಯ ವರದಿಗಳಲ್ಲಿ ‘ಎಂಎಲ್‌ಎಚ್‌1 ಮೀಥೈಲೇಷನ್ ಪಾಸಿಟಿವ್’ ಎಂಬ ನಮೂದು ಕೆಲವೊಮ್ಮೆ ಇರುತ್ತದೆ. ಎಂಎಲ್‌ಎಚ್‌1 ಎಂಬುದು ಒಂದು ವಂಶವಾಹಿಯ ಹೆಸರು. ‘ವಂಶವಾಹಿ’ ಎಂಬ ಪದವೇ ವಂಶವನ್ನು ಸೂಚಿಸುವುದರಿಂದ, ರೋಗವು ಮಕ್ಕಳಿಗೂ ಬರುವುದೆಂದು ಕುಟುಂಬದವರು ಆತಂಕಪಡುವುದು ಸಹಜ. ಆದರೆ ಸದರಿ ನಮೂದಿನ ಅರ್ಥವು ಬಹುಪಾಲು ಇದಕ್ಕೆ ವಿರುದ್ಧವಾಗಿರುತ್ತದೆ.

ಜೀವಕೋಶಗಳು ಮಿತಿಮೀರಿ ಬೆಳೆಯದಂತೆ ತಡೆಯುವ ವಂಶವಾಹಿಗಳಿಗೆ ಗಡ್ಡೆ ನಿಗ್ರಹ ವಂಶವಾಹಿಗಳೆಂದು ಹೆಸರು. ಪ್ರತಿ ಕೋಶದಲ್ಲಿಯೂ ಸಾಮಾನ್ಯವಾಗಿ ಇವುಗಳ ಎರಡು ಪ್ರತಿಗಳಿರುತ್ತವೆ. ತಾಯಿಯಿಂದ ಒಂದು, ತಂದೆಯಿಂದ ಒಂದು. ಮಕ್ಕಳ ಕಣ್ಣಿನಲ್ಲಿ ಕಾಣಿಸಿಕೊಳ್ಳುವ ರೆಟಿನೋಬ್ಲಾಸ್ಟೊಮ ಎಂಬ ಕ್ಯಾನ್ಸರನ್ನು ಅಧ್ಯಯನ ಮಾಡಿದ ಅಮೆರಿಕದ ಆಲ್‌ಫ್ರೆಡ್ ನೂಡ್ಸನ್ ಅವರು, ಎರಡು ಪೆಟ್ಟುಗಳು ಬಿದ್ದಾಗ ಮಾತ್ರ ಗಡ್ಡೆ ಹುಟ್ಟುವುದೆಂದು 1971ರಲ್ಲಿ ಪ್ರತಿಪಾದಿಸಿದರು. ಈ ಪೆಟ್ಟು ಎಂದರೆ ಡಿಎನ್‌ಎ ಅಕ್ಷರಗಳಲ್ಲಿನ ದೋಷ ಅಥವಾ ನಷ್ಟವೆಂದೇ ಬಹುಕಾಲ ಭಾವಿಸಲಾಗಿತ್ತು. 1989ರಲ್ಲಿ ಅದೇ ಕಣ್ಣಿನ ಗಡ್ಡೆಗಳಲ್ಲಿ ಮತ್ತೊಂದು ಬಗೆಯ ಬದಲಾವಣೆ ವರದಿಯಾಯಿತು. ವಂಶವಾಹಿಯ ಆರಂಭದ ಭಾಗಕ್ಕೆ ಮೀಥೈಲ್ ಎಂಬ ಚಿಕ್ಕ ರಾಸಾಯನಿಕ ಗುಂಪುಗಳು ಅಂಟಿಕೊಂಡಿದ್ದವು. ಹೀಗೆ ಅಂಟಿಕೊಂಡಾಗ ಆ ಭಾಗದ ಡಿಎನ್‌ಎ ಬಿಗಿಯಾಗಿ ಸುತ್ತಿಕೊಂಡು, ವಂಶವಾಹಿಯು ಕೆಲಸ ನಿಲ್ಲಿಸುತ್ತದೆ. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಕಡತ ಹರಿದಿಲ್ಲ, ಒಂದು ಹಾಳೆಯೂ ಕಳೆದಿಲ್ಲ. ಕಪಾಟಿಗೆ ಮೊಹರು ಬಿದ್ದಿರುವುದರಿಂದ ಯಾರೂ ಅದನ್ನು ಓದಲಾರರು. ಕೋಶವು ವಿಭಜನೆಯಾದಾಗ ಈ ಮೊಹರೂ ನಕಲಾಗಿ ಮುಂದಿನ ಕೋಶಗಳಿಗೆ ಸಾಗುತ್ತದೆ.

ಎಂಎಲ್‌ಎಚ್‌1 ವಂಶವಾಹಿಯ ಕೆಲಸವು ಲೆಕ್ಕ ತಪಾಸಣೆಯನ್ನು ಹೋಲುತ್ತದೆ. ಡಿಎನ್‌ಎ ನಕಲಾಗುವಾಗ ನುಸುಳುವ ತಪ್ಪುಗಳನ್ನು ಹುಡುಕಿ ಸರಿಪಡಿಸುವಲ್ಲಿ ಇದು ಪಾಲುಗೊಳ್ಳುತ್ತದೆ. ಇದು ಸ್ತಬ್ಧವಾದಲ್ಲಿ ತಪ್ಪುಗಳು ಸಂಗ್ರಹವಾಗಿ, ಬೆಳವಣಿಗೆಯನ್ನು ನಿಯಂತ್ರಿಸುವ ಇತರ ವಂಶವಾಹಿಗಳೂ ಕೆಡುತ್ತವೆ. ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 15ರಷ್ಟರಲ್ಲಿ ತಪ್ಪು ತಿದ್ದುವ ಈ ವ್ಯವಸ್ಥೆ ಕೆಟ್ಟಿರುತ್ತದೆ. ಇವುಗಳಲ್ಲಿ ಹೆಚ್ಚಿನವು ಮೇಲ್ಕಂಡ ಮೊಹರಿನಿಂದಾದವು. ಅದು ಸಾಮಾನ್ಯವಾಗಿ ಇಳಿವಯಸ್ಸಿನಲ್ಲಿ, ಗಡ್ಡೆಯ ಕೋಶಗಳಲ್ಲಿ ಮಾತ್ರ ಬೀಳುವುದರಿಂದ ಮಕ್ಕಳಿಗೆ ಹರಿಯುವುದಿಲ್ಲ. ಉಳಿದ ಚಿಕ್ಕ ಪಾಲಿನಲ್ಲಿ ಬಹುತೇಕ ಪ್ರಕರಣಗಳು ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ಸ್ಥಿತಿಗೆ ಸೇರಿದವು. ಅಲ್ಲಿ ದೋಷವು ಹುಟ್ಟಿನಿಂದಲೇ ಇದ್ದು, ಪ್ರತಿ ಮಗುವಿಗೂ ಬರುವ ಸಂಭವ ಶೇ. 50.

ಆದುದರಿಂದ ಗಡ್ಡೆಯಲ್ಲಿ ಎಂಎಲ್‌ಎಚ್‌1 ಪ್ರೋಟೀನ್ ಇಲ್ಲವೆಂಬ ವರದಿಯೊಂದರಿಂದಲೇ ಯಾವ ನಿರ್ಧಾರಕ್ಕೂ ಬರತಕ್ಕದ್ದಲ್ಲ. ಕಾರಣವನ್ನು ತಿಳಿಯಲು ವೈದ್ಯರು ಮೀಥೈಲೇಷನ್ ಪರೀಕ್ಷೆಯನ್ನು ಅಥವಾ ಬಿಆರ್‌ಎಎಫ್ ಎಂಬ ಮತ್ತೊಂದು ವಂಶವಾಹಿಯ ಪರೀಕ್ಷೆಯನ್ನು ಸೂಚಿಸುವರು. ಅಪರೂಪಕ್ಕೆ ಈ ಮೊಹರು ರಕ್ತವೂ ಸೇರಿದಂತೆ ದೇಹದ ಇತರ ಕೋಶಗಳಲ್ಲಿಯೂ ಇರುವುದುಂಟು. ರೋಗಿಯು ಕಿರಿಯ ವಯಸ್ಸಿನವರಾಗಿದ್ದಲ್ಲಿ ಅಥವಾ ಒಡಹುಟ್ಟಿದವರಿಗೂ ಕರುಳಿನ ಇಲ್ಲವೇ ಗರ್ಭಕೋಶದ ಕ್ಯಾನ್ಸರ್ ಬಂದಿದ್ದಲ್ಲಿ, ವರದಿ ಏನೇ ಇದ್ದರೂ ಆನುವಂಶಿಕ ಸಲಹಾತಜ್ಞರನ್ನು ಕಾಣುವುದು ಅವಶ್ಯ.

ಅಕ್ಷರಗಳು ಕೆಡದಿರುವುದರಿಂದ ಮೊಹರನ್ನು ತೆಗೆಯಬಹುದೆಂಬ ಆಲೋಚನೆಯಿಂದ ಔಷಧಗಳೂ ಬಂದಿವೆ. ಅಜಾಸಿಟಿಡಿನ್ 2004ರಲ್ಲಿ, ಡೆಸಿಟಾಬಿನ್ 2006ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದವು. ಆದರೆ ಅವು ಅಸ್ಥಿಮಜ್ಜೆಯ ರೋಗಗಳಿಗೆ. ಕರುಳಿನ ಗಡ್ಡೆಗಳಲ್ಲಿ ಅವುಗಳಿಂದ ದೊರೆತ ಫಲ ಅಲ್ಪ. ಬದಲಿಗೆ, ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿರುವ ಮುಂದುವರಿದ ಗಡ್ಡೆಗಳಿಗೆ, ಕೆಟ್ಟ ಕಾರಣ ಯಾವುದೇ ಇರಲಿ, ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಪೆಂಬ್ರೊಲಿಜುಮಾಬ್ ಔಷಧಕ್ಕೆ 2017ರಲ್ಲಿ ಅಲ್ಲಿಯೇ ಅನುಮೋದನೆ ದೊರೆಯಿತು. ಹೀಗಾಗಿ ಸದರಿ ಪರೀಕ್ಷೆಯು ಕುಟುಂಬಕ್ಕಷ್ಟೇ ಅಲ್ಲದೆ ರೋಗಿಗೂ ಉಪಯುಕ್ತ.

ಅರ್ಜಿದಾರರು ವರದಿಯ ಎಲ್ಲ ಪುಟಗಳನ್ನೂ ಜೋಪಾನವಾಗಿರಿಸಿಕೊಳ್ಳುವುದು. ಆಸ್ಪತ್ರೆ ಬದಲಿಸುವಾಗ, ಗಡ್ಡೆಯ ತುಣುಕನ್ನು ಮೇಣದಲ್ಲಿ ಕಾಯ್ದಿರಿಸಿದ ‘ಬ್ಲಾಕ್’ ಅನ್ನು ಪ್ರಯೋಗಾಲಯದಿಂದ ಕೇಳಿ ಪಡೆಯುವುದು. ಮೇಲಿನ ಪರೀಕ್ಷೆಗಳನ್ನು ಅದರಿಂದಲೇ ಮಾಡಬಹುದಾಗಿರುತ್ತದೆ.