ಹಿಡಿತಕ್ಕೆ ಬಂದ ಮಿಂಚು: ಭಾವಚಿತ್ರ ಛಾಯಾಗ್ರಹಣದಲ್ಲಿ ಫ್ಲ್ಯಾಶ್ ಬೆಳಕಿನ ಚರಿತ್ರೆ

ಹಳೆಯ ಭಾವಚಿತ್ರಗಳನ್ನು ಚರಿತ್ರೆಯ ಆಕರಗಳಾಗಿ ಓದುವಾಗ ಉಡುಗೆ, ಭಂಗಿ, ಹಿನ್ನೆಲೆಯ ಪರದೆಗಳು ಸೆಳೆಯುವಷ್ಟು ಗಮನವನ್ನು ಅವುಗಳ ಮೇಲೆ ಬಿದ್ದ ಬೆಳಕು ಸೆಳೆಯುವುದಿಲ್ಲ. ಆದರೆ ಆ ಬೆಳಕು ಎಲ್ಲಿಂದ ಬಂತು, ಎಷ್ಟು ಹೊತ್ತು ಉರಿಯಿತು, ಅದನ್ನು ನಿರ್ಧರಿಸಿದವರು ಯಾರು ಎಂಬುದೂ ಚಿತ್ರದ ಅರ್ಥದ ಭಾಗವೇ ಆಗಿದೆ.

1864ರಲ್ಲಿ ಮ್ಯಾಂಚೆಸ್ಟರಿನ ಛಾಯಾಗ್ರಾಹಕ ಆಲ್ಫ್ರೆಡ್ ಬ್ರದರ್ಸ್ ಮೆಗ್ನೀಸಿಯಂ ತಂತಿಯ ಬೆಳಕಿನಲ್ಲಿ ಭಾವಚಿತ್ರ ತೆಗೆದರು. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀತೆ ಮತ್ತು ಯೊಹಾನ್ನೆಸ್ ಗೇಡಿಕೆ ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಬೆರೆಸಿ ಕ್ಷಣಾರ್ಧದಲ್ಲಿ ಉರಿಯುವ ಮಿಶ್ರಣವನ್ನು ರೂಪಿಸಿದರು. ಬೆಳಕೇನೋ ದೊರೆಯಿತು, ಹಿಡಿತ ದೊರೆಯಲಿಲ್ಲ.

ಈ ಅಂತರದ ಪರಿಣಾಮ ನ್ಯೂಯಾರ್ಕಿನ ಪತ್ರಕರ್ತ ಜೇಕಬ್ ರೀಸ್ ಅವರ ಕೆಲಸದಲ್ಲಿ ಸ್ಪಷ್ಟವಾಗಿದೆ. ವಲಸಿಗರ ಕತ್ತಲೆ ಕೋಣೆಗಳನ್ನು ಅವರು ಈ ಪುಡಿಯಿಂದಲೇ ಲೋಕಕ್ಕೆ ತೋರಿಸಿದರು. ಅವರ ಪುಸ್ತಕ 1890ರಲ್ಲಿ ಪ್ರಕಟವಾಯಿತು. ಅಂಧ ಭಿಕ್ಷುಕರ ಚಿತ್ರ ತೆಗೆಯುವಾಗ ಮನೆಗೇ ಬೆಂಕಿ ಹತ್ತಿದ್ದನ್ನು ಅವರೇ ದಾಖಲಿಸಿದ್ದಾರೆ. ಅವರ ಕೆಲವು ಚಿತ್ರಗಳಲ್ಲಿ ಕಾಣುವ ಬೆಚ್ಚಿದ ನೋಟವನ್ನು ಬಡತನದ ಮುಖವೆಂದು ಓದುವ ಮುನ್ನ, ನಿದ್ದೆಯಿಂದೆದ್ದವರ ಮೇಲೆ ಸಿಡಿದ ಬೆಳಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

1929ರಲ್ಲಿ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಫ್ಲ್ಯಾಶ್ ಬಲ್ಬು ಹೊಗೆಯನ್ನೂ ಬೆಂಕಿಯ ಭಯವನ್ನೂ ನಿವಾರಿಸಿತು. 1930ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ಎಲೆಕ್ಟ್ರಾನಿಕ್ ಫ್ಲ್ಯಾಶನ್ನು ಬೆಳೆಸಿದರು. ಅದರ ಮಿಂಚು ಶಟರ್ ತೆರೆದಿರುವ ಅವಧಿಗಿಂತಲೂ ಚಿಕ್ಕದು. ಆದ್ದರಿಂದ ಕೋಣೆಯ ಬೆಳಕನ್ನು ಶಟರ್ ವೇಗದಿಂದಲೂ, ಫ್ಲ್ಯಾಶಿನ ಬೆಳಕನ್ನು ಅಪರ್ಚರ್ ಮತ್ತು ದೂರದಿಂದಲೂ ಪ್ರತ್ಯೇಕವಾಗಿ ಹತೋಟಿಗೆ ತರುವುದನ್ನು ಛಾಯಾಗ್ರಾಹಕರು ಕಲಿತರು. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಗೈಡ್ ನಂಬರ್ 40 ಆದರೆ 5 ಮೀಟರ್ ದೂರದ ವ್ಯಕ್ತಿಗೆ ಎಫ್/8 ಸಾಕು. ಆದರೆ ಇಷ್ಟು ಕ್ಷಣಿಕವಾದ ಬೆಳಕಿನಲ್ಲಿ ನೆರಳು ಬೀಳುವ ಬಗೆಯನ್ನು ಕಣ್ಣು ಮುಂಚಿತವಾಗಿ ಕಾಣಲಾರದು. ಸ್ಟುಡಿಯೊಗಳಲ್ಲಿ ಫ್ಲ್ಯಾಶಿನ ಜೊತೆಯಲ್ಲೇ ಸದಾ ಉರಿಯುವ ಸಣ್ಣ ದೀಪವೊಂದನ್ನು ಇಟ್ಟಿದ್ದು ಈ ಕಾರಣಕ್ಕಾಗಿಯೇ.

1975ರ ಒಲಿಂಪಸ್ ಓಎಂ-2 ಕ್ಯಾಮೆರಾ ಮಸೂರದ ಮೂಲಕ ಬಂದ ಫ್ಲ್ಯಾಶ್ ಬೆಳಕನ್ನು ಫಿಲ್ಮಿನ ಮೇಲೆಯೇ ಅಳೆದು ಸಾಕಾದೊಡನೆ ನಿಲ್ಲಿಸಿತು. ಆದರೆ ಇಂತಹ ಮಾಪನ ಸರಾಸರಿಯನ್ನು ಅವಲಂಬಿಸುತ್ತದೆ: ಬಿಳಿಯ ಉಡುಪು ಚೌಕಟ್ಟನ್ನು ತುಂಬಿದರೆ ಮುಖ ಕಪ್ಪಿಡುತ್ತದೆ, ಹಿನ್ನೆಲೆ ಕಡುಗಪ್ಪಾದರೆ ಮುಖ ಬಿಳಿಚುತ್ತದೆ. ಯಂತ್ರ ಬೆಳಕಿನ ಪ್ರಮಾಣವನ್ನು ನಿರ್ಧರಿಸಬಲ್ಲದು, ದಿಕ್ಕನ್ನಲ್ಲ. ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ ಪಕ್ಕಕ್ಕೆ ಒಯ್ಯುವುದು, ಗೋಡೆಗೋ ಕೊಡೆಗೋ ತಾಗಿಸಿ ಮೃದುಗೊಳಿಸುವುದು ಮನುಷ್ಯನ ತೀರ್ಮಾನವಾಗಿಯೇ ಉಳಿಯಿತು.

ಆ ತೀರ್ಮಾನದ ಗುರುತು ಚಿತ್ರದಲ್ಲಿಯೇ ಇರುತ್ತದೆ. ಕಣ್ಣಿನ ಬಿಳಿಯ ಚುಕ್ಕೆ ಬೆಳಕಿನ ಸ್ಥಾನವನ್ನೂ, ತಲೆಯ ಹಿಂದಿನ ಗೋಡೆಗೆ ಅಂಟಿದ ಗಡುಸು ನೆರಳು ಎದುರಿನಿಂದಲೇ ಸಿಡಿದ ಫ್ಲ್ಯಾಶನ್ನೂ ಸೂಚಿಸುತ್ತವೆ. ಸಮುದಾಯವೊಂದರ ಚಿತ್ರಸಂಗ್ರಹವನ್ನು ಅಧ್ಯಯನ ಮಾಡುವವರು ಮುಖಭಾವದಿಂದ ಸ್ವಭಾವವನ್ನೂ ಮೈಬಣ್ಣವನ್ನೂ ಊಹಿಸುವ ಮೊದಲು ಈ ಗುರುತುಗಳನ್ನು ಪರಿಶೀಲಿಸುವುದು ಅಗತ್ಯ.